ನೂರಿಪ್ಪತ್ತು ಗಾಳಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಇತಿಹಾಸವನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಕೆರೆ ಕಟ್ಟಿಸಿದವರು, ಕೋಟೆ ಕೆಡವಿದವರು, ಮಗ್ಗ ತಂದವರು ಎಲ್ಲರದ್ದೂ ಮುಗಿದ ಮೇಲೆ ಒಂದು ಪೂರ್ತಿ ಅಧ್ಯಾಯವನ್ನು ಸೈಕಲ್ ಟೈರಿಗೆ ಎಷ್ಟು ಗಾಳಿ ಹಾಕಬೇಕು ಎಂಬ ಪ್ರಶ್ನೆಗೆ ಮೀಸಲಿಡಬೇಕಾಗುತ್ತದೆ. ಇದನ್ನು ನಗುವ ವಿಷಯ ಎಂದುಕೊಳ್ಳಬಾರದು. ಈ ಪ್ರಶ್ನೆಯಿಂದ ಮೂಳೆ ಮುರಿದಿದೆ. ಹದಿಮೂರು ಜನರ ಬಳಗದಲ್ಲಿ ಮಾತು ನಿಂತಿದೆ. ವಿಜ್ಞಾನ ಕಲಿಸುವ ಒಬ್ಬ ಸಭ್ಯ ಹೆಣ್ಣುಮಗಳು ಒಂದಿಡೀ ವರ್ಷ ಹಲ್ಲು ಕಚ್ಚಿಕೊಂಡು ಬದುಕಿದ್ದಾಳೆ.

ಹೆಣ್ಣುಮಗಳ ಹೆಸರು ಶಶಿರೇಖಾ. ದೊಡ್ಡಬೆಳವಂಗಲದ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ವಯಸ್ಸು ಮೂವತ್ತೊಂಬತ್ತು. ತೆಳು ಟೈರಿನ ರೇಸ್ ಸೈಕಲ್ ಕೊಂಡು, ದೊಡ್ಡಬಳ್ಳಾಪುರದ 'ಪೆಡಲ್ ಗೆಳೆಯರ ಬಳಗ'ಕ್ಕೆ ಸೇರಿದ ಮೊದಲ ಹೆಂಗಸು. ಬಳಗದ ಕ್ಯಾಪ್ಟನ್ ಕೆಂಪರಾಜ್, ಹಾರ್ಡ್‌ವೇರ್ ಅಂಗಡಿಯ ಮಾಲೀಕ. ಅವನನ್ನು ಕ್ಯಾಪ್ಟನ್ ಎಂದು ಯಾರೂ ಆರಿಸಿರಲಿಲ್ಲ. ಬಳಗ ಶುರುವಾದಾಗ ಮೀಟರ್ ಇರುವ ಗಾಳಿ ಪಂಪು ಇದ್ದದ್ದು ಅವನೊಬ್ಬನ ಹತ್ತಿರ. ಅಷ್ಟರಿಂದಲೇ ಪದವಿ ಬಂತು.

ಹೋದ ವರ್ಷ ನವೆಂಬರ್ ಒಂದರಂದು ಬಳಗದ ರಾಜ್ಯೋತ್ಸವ ಸವಾರಿ. ಎಲ್ಲರ ಕೊರಳಲ್ಲೂ ಕೆಂಪು ಹಳದಿ ಶಲ್ಯ, ಮೇಲಿಂದ ಸಣ್ಣಗೆ ಮಳೆ. ಹೊರಡುವ ಮುಂಚೆ ಕೆಂಪರಾಜ್ ಸಾಲಾಗಿ ನಿಂತ ಸೈಕಲ್ಲುಗಳ ಟೈರನ್ನು, ಸಂತೆಯಲ್ಲಿ ಮಾವಿನಹಣ್ಣು ಒತ್ತಿ ನೋಡುವವನ ಹಾಗೆ, ಹೆಬ್ಬೆರಳಿನಿಂದ ಒತ್ತುತ್ತ ಬಂದ. ಶಶಿರೇಖಾಳ ಸೈಕಲ್ಲಿನ ಹತ್ತಿರ ನಿಂತುಬಿಟ್ಟ.

"ಏನ್ ಮೇಡಂ ಇದು? ಟೈರೋ ಇಡ್ಲಿನೋ?"

ಹನ್ನೊಂದು ಗಂಡಸರು ನಕ್ಕರು.

"ಎಂಬತ್ತು ಹಾಕಿದೀನಿ ಸಾರ್. ಮಳೆ ಇದೆಯಲ್ಲ. ಸ್ವಲ್ಪ ಮೆತ್ತಗಿದ್ರೆ ರಸ್ತೆ ಚೆನ್ನಾಗಿ ಹಿಡ್ಕೊಳುತ್ತೆ."

"ಟೈರ್ ಮೇಲೆ ನೂರಿಪ್ಪತ್ತು ಅಂತ ಅಚ್ಚು ಹಾಕವ್ರೆ ನೋಡಿ. ಕಂಪನಿಯವರೇನು ಕಡ್ಲೆಕಾಯಿ ತಿನ್ಕೊಂಡು ಹಾಕಿದಾರಾ?"

"ಅದು ಇದಕ್ಕಿಂತ ಜಾಸ್ತಿ ಹಾಕ್ಬೇಡಿ ಅಂತ ಸಾರ್. ಇಷ್ಟೇ ಹಾಕಿ ಅಂತಲ್ಲ."

"ಬಿಡಿ ಮೇಡಂ, ಸ್ಕೂಲಲ್ಲಿ ನೀವು ಹೇಳಿ, ನಾವು ಕೇಳ್ತೀವಿ. ಇಲ್ಲಿ ನಾನು ಹಾಕ್ತೀನಿ."

ಹಾಕಿಯೇಬಿಟ್ಟ. ಎರಡೂ ಚಕ್ರಕ್ಕೆ, ನೂರಿಪ್ಪತ್ತು. ಬಳಗಕ್ಕೆ ಸೇರಿ ಎರಡನೇ ವಾರ. ಅಷ್ಟು ಜನರ ಮುಂದೆ ಏನು ಜಗಳ ಎಂದು ಅವಳು ಸುಮ್ಮನಾದಳು. ಸುಮ್ಮನಾದದ್ದು ತನ್ನ ತಪ್ಪೆಂದು ಆಮೇಲೆ ಅವಳಿಗೇ ಅನ್ನಿಸಿತು. ಆ ತಪ್ಪನ್ನೂ ಅವನ ತಲೆಗೇ ಕಟ್ಟಿದಳು.

ದೊಡ್ಡಬೆಳವಂಗಲದ ದಾರಿಯಲ್ಲಿ ಒಂದು ಕೆರೆ ಏರಿ ಇದೆ. ಏರಿ ಇಳಿದ ಕೂಡಲೇ ಎಡಕ್ಕೊಂದು ತಿರುವು. ವಾಹನಗಳು ನಿಧಾನವಾಗಲಿ ಎಂದು ಅಲ್ಲಿ ರಸ್ತೆಗೆ ಅಡ್ಡವಾಗಿ ದಪ್ಪ ಬಿಳಿ ಬಣ್ಣದ ಪಟ್ಟಿಗಳನ್ನು ಎಳೆದಿದ್ದಾರೆ. ಒಣಗಿದ್ದಾಗ ಅವು ಪಾಪದವು. ಮಳೆ ಬಿದ್ದರೆ ಎಣ್ಣೆ ಸವರಿದ ಹಾಗೆ. ಕಲ್ಲಿನಂತೆ ಬಿಗಿದ ಟೈರು ಮೊದಲ ಪಟ್ಟಿಯ ಮೇಲೆ ಪುಟಿಯಿತು, ಎರಡನೆಯದರ ಮೇಲೆ ಜಾರಿತು, ಶಶಿರೇಖಾಳ ಬೆರಳು ತಾನಾಗಿ ಬ್ರೇಕಿಗೆ ಹೋಯಿತು. ಮೂರನೇ ಪಟ್ಟಿಯ ಮೇಲೆ ಅವಳಿದ್ದಳು. ಸೈಕಲ್ ಮಾತ್ರ ಆಚೆ ಮುಳ್ಳುಬೇಲಿಯಲ್ಲಿತ್ತು.

ಎಡಗಡೆಯ ಕಾಲರ್ ಬೋನ್ ಕಡ್ಡಿ ಮುರಿದಂತೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತ್ತು. ಆ ನೋವಿನ ಮೇಲಿಂದ ಕೆಂಪರಾಜನ ಮುಖ ಬಗ್ಗಿತು.

"ಬ್ರೇಕ್ ಹಿಡಿದ್ರಲ್ಲಾ ಮೇಡಂ! ಮಳೇಲಿ ಯಾರಾದ್ರೂ ಬ್ರೇಕ್ ಹಿಡೀತಾರಾ?"

ಇದನ್ನು ಹೇಳಿ ಅವನು ಎತ್ತಲು ಕೈ ಕೊಡಲಿಲ್ಲ. ಹಿಂದಿನಿಂದ ಬರುತ್ತಿದ್ದ ಮುನೀಂದ್ರನ ಕಡೆ ತಿರುಗಿ, "ಲೇ ಮುನೀಂದ್ರ, ಬಿದ್ದಿದ್ದು ಬಂತೇನೋ?" ಎಂದ. ಮುನೀಂದ್ರ ಬಳಗದ ಫೋಟೋಗ್ರಾಫರ್; ಹ್ಯಾಂಡಲ್ಲಿಗೆ ಫೋನು ಕಟ್ಟಿಕೊಂಡೇ ಸವಾರಿ ಮಾಡುವವನು. ಬಂದಿತ್ತು. ಹನ್ನೊಂದು ಸೆಕೆಂಡಿನ ವಿಡಿಯೋ. ಶಶಿರೇಖಾಳ ಎಕ್ಸ್‌ರೇ ಅವಳ ಕೈಗೆ ಬರುವ ಮುಂಚೆ ಅದು ತಾಲ್ಲೂಕಿನ ಕೈಗೆ ಬಂದಿತ್ತು.

ಇಷ್ಟಕ್ಕೇ ನಿಂತಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಹದಿನೈದನೇ ದಿನ ಬಳಗದವರು ನೋಡಲು ಬಂದರು. ಕೆಂಪರಾಜ್ ಮಿರಮಿರ ಕಾಗದ ಸುತ್ತಿದ ಒಂದು ಪೊಟ್ಟಣವನ್ನು ಅವಳ ಸರಿಯಿರುವ ಕೈಗೆ ಕೊಟ್ಟು, "ಬಳಗದ ಪರವಾಗಿ, ಬೇಗ ಹುಷಾರಾಗಿ" ಎಂದ. ಒಂದೇ ಕೈಯಲ್ಲಿ ಬಿಚ್ಚಿದಳು. ಒಳಗಿದ್ದದ್ದು ಎಳೆ ಮಕ್ಕಳ ಸೈಕಲ್ಲಿಗೆ ಅಕ್ಕಪಕ್ಕ ಹಾಕುವ ಎರಡು ಪುಟ್ಟ ಸೈಡ್‌ವೀಲು. ಗುಲಾಬಿ ಬಣ್ಣದವು.

"ಅಂಗಡೀಲಿ ಸ್ಟಾಕ್ ಇತ್ತು ಮೇಡಂ. ತಮಾಷೆಗೆ, ಬೇಜಾರ್ ಮಾಡ್ಕೋಬೇಡಿ."

ಫೋಟೋ ತೆಗೆದರು. ಬಾದಾಮಿ ಹಾಲು ಕುಡಿದು ಹೋದರು.

ಮರುದಿನದಿಂದ ಶಶಿರೇಖಾಗೆ ಸ್ವಂತ ಹೆಸರು ಇಲ್ಲದಂತಾಯಿತು. ಬಸ್ಸಿನಲ್ಲಿ ಕಂಡಕ್ಟರ್, "ಸೈಡ್‌ವೀಲ್ ಮೇಡಂಗೆ ಜಾಗ ಬಿಡ್ರಪ್ಪೋ, ಕೈ ಮುರ್ದೈತೆ" ಎಂದು ಕರುಣೆಯಿಂದಲೇ ಕೂಗಿದ. ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ಒಂದು ವಿನಯದ ದನಿ ಎದ್ದಿತು: "ಮಿಸ್, ಸೈಡ್‌ವೀಲ್ ಹಾಕಿದ್ರೆ ಘರ್ಷಣೆ ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ?" ಹದಿನಾರು ವರ್ಷ ಪಾಠ ಮಾಡಿ ಸಂಪಾದಿಸಿದ ಗೌರವ ಎರಡು ಗುಲಾಬಿ ಚಕ್ರದ ಕೆಳಗೆ ಸಿಕ್ಕು ನುಗ್ಗಾಯಿತು. ಮೂಳೆ ಕೂಡುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಹೆಸರು ಕೂಡಿಕೊಳ್ಳುವ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಈ ಹೆಸರನ್ನು ತನ್ನ ಮೇಲಿಂದ ಕಿತ್ತು ಅವನ ಹಣೆಗೆ ಅಂಟಿಸಬೇಕು, ಅಲ್ಲಿಯವರೆಗೆ ಸೈಕಲ್ ಮಾರುವುದಿಲ್ಲ ಎಂದು ಅವಳು ತೀರ್ಮಾನಿಸಿದಳು.

ಆರು ವಾರಕ್ಕೆ ಕೈಪಟ್ಟಿ ಬಿಚ್ಚಿದರು. ಬಿಚ್ಚಿದರೆ ಕೈ ಮೇಲೇಳಬೇಕಲ್ಲ. ಸೊಂಟದ ಮಟ್ಟ ದಾಟಿದರೆ ಕಣ್ಣಲ್ಲಿ ನೀರು. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಇರುವೆ ಹತ್ತಿಸಿದ ಹಾಗೆ ಮೇಲೆ ಮೇಲೆ ಹತ್ತಿಸಿ, ದಿನಕ್ಕೆ ಮೂರು ಸಲ ಎಂದು ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಎಲ್ಲಿಯವರೆಗೆ ಹತ್ತಿಸಬೇಕು ಎಂಬುದಕ್ಕೆ ಗುರುತು ಬೇಕಲ್ಲ. ನಡುಮನೆಯ ಗೋಡೆಯಲ್ಲಿ, ಕೈ ಪೂರ್ತಿ ಚಾಚಿದರೆ ಮಾತ್ರ ಸಿಗುವ ಎತ್ತರದಲ್ಲಿ ಒಂದು ಮೊಳೆ ಹೊಡೆದು ಅದಕ್ಕೆ ಸೈಡ್‌ವೀಲು ನೇತುಹಾಕಬೇಕೆಂದು ಅವಳಿಗೆ ಹೊಳೆಯಿತು.

ಮೊಳೆ ತರಲು ಬೇರೆ ಅಂಗಡಿಯೂ ಇತ್ತು. ಶತ್ರುವಿನ ಮೊಳೆಯೇ ಇರಲಿ ಎಂದು ಕೆಂಪರಾಜನ ಅಂಗಡಿಗೇ ಹೋದಳು. ಅವನಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅವನ ಹೆಂಡತಿ ಅನಸೂಯ ಎದ್ದು ನಿಂತು ಕೈ ಹಿಡಿದುಕೊಂಡಳು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಆ ಸೈಡ್‌ವೀಲ್ ವಿಷ್ಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ರೆ ಕೊಡಿ ಅಂತಿದ್ದೆ."

"ಕೊಡಿ ಅಂತಿದ್ರಾ?"

"ಹೂಂ ಮತ್ತೆ. ಕೊಡಿ ಅಂದಿದ್ರೆ ಕೊಡ್ತಾ ಇರಲಿಲ್ಲ." ಅನಸೂಯ ದನಿ ತಗ್ಗಿಸಿದಳು. "ಇಪ್ಪತ್ತೆರಡು ವರ್ಷದ ಸಂಸಾರ. ಹೆಂಗಸು ಒಂದು ಮಾತು ಹೇಳಿದ್ಲು ಅಂದ್ರೆ ನಮ್ಮನೆಯವರು ಅದರ ಉಲ್ಟಾನೇ ಮಾಡೋದು. ಮನೆಗೆ ಹಸಿರು ಬಣ್ಣ ಹೊಡೆಸ್ಬೇಕು ಅಂತ ನನಗಾಸೆ. 'ಹಸಿರು ಮಾತ್ರ ಬೇಡ ಕಣ್ರೀ, ಗಿಳಿ ಥರ ಕಾಣುತ್ತೆ' ಅಂದೆ. ಒಂದ್ಸಲ ಬಂದು ನೋಡಿ ಮನೇನ."

ಶಶಿರೇಖಾ ಮನೆ ನೋಡಲು ಹೋಗಲಿಲ್ಲ, ದಾರಿಯಲ್ಲೇ ನೋಡಿದಳು. ಗಿಳಿಯ ಹಾಗೇ ಇತ್ತು.

ಅಲ್ಲಿಯವರೆಗೆ ಅವಳ ತಲೆಯಲ್ಲಿ ಬೇರೆ ಯೋಚನೆಗಳಿದ್ದವು. ಅವನ ಬ್ರೇಕ್ ತಂತಿ ಸಡಿಲಿಸುವುದು. ತಿರುವಿಗೆ ಸೋಪಿನ ನೀರು ಸುರಿಯುವುದು. ಒಂದೂ ರುಚಿಸಿರಲಿಲ್ಲ, ವಿಜ್ಞಾನದ ಮೇಡಂ ಸೋಪಿನ ಬಕೆಟ್ಟು ಹಿಡಿದು ಕೆರೆ ಏರಿಯ ಮೇಲೆ ಸಿಕ್ಕಿಬೀಳುವುದು ಚೆನ್ನಾಗಿರುವುದಿಲ್ಲ. ಈಗ ಅವಳಿಗೆ ಸುಳ್ಳು, ಕಳ್ಳತನ ಏನೂ ಬೇಕಾಗಿರಲಿಲ್ಲ. ನಿಜ ಹೇಳಿದರೆ ಸಾಕಾಗಿತ್ತು. ಗಟ್ಟಿಯಾಗಿ, ನಾಲ್ಕು ಜನರ ಮುಂದೆ.

ಮೊಳೆ ಗೋಡೆಗೆ ಹೋಯಿತು. ಚಕ್ರ ಮೊಳೆಗೆ ಹೋಯಿತು. ಅವಳ ಅತ್ತೆ ನರಸಮ್ಮ ದಿನವೂ ಪಕ್ಕದಲ್ಲಿ ಕೂತು ಅವರೆಕಾಳು ಬಿಡಿಸುತ್ತ ಮೇಲ್ವಿಚಾರಣೆ ಮಾಡಿದಳು.

"ಇವತ್ತು ಎಲ್ಲಿಗೆ ಬಂತೇ ರೇಖಾ?"

"ಸ್ವಿಚ್ ಬೋರ್ಡ್ ಹತ್ರ ಅತ್ತೆ."

"ಅವನ ಕೈ ಸೇದೋಗ. ಇನ್ನೊಂದು ಬೆರಳು ಮೇಲಕ್ಕೆ ಹಾಕು."

ಫೆಬ್ರವರಿಯಲ್ಲಿ ಬೆರಳು ಕ್ಯಾಲೆಂಡರಿನ ಕೆಳಗಿನ ಅಂಚು ಮುಟ್ಟಿತು. ಏಪ್ರಿಲ್‌ನಲ್ಲಿ ಕ್ಯಾಲೆಂಡರಿನ ದೇವರ ಪಾದ. ನೋವು ಬಂದಾಗಲೆಲ್ಲ ಅವಳು 'ಬ್ರೇಕ್ ಹಿಡಿದ್ರಲ್ಲಾ ಮೇಡಂ' ಎಂಬ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಅದಕ್ಕಿಂತ ಒಳ್ಳೆಯ ನೋವಿನ ಮಾತ್ರೆ ಅವಳಿಗೆ ಸಿಗಲಿಲ್ಲ. ಜೂನ್ ಹನ್ನೊಂದರ ಬೆಳಿಗ್ಗೆ ಎಡಗೈ ನೆಟ್ಟಗೆ ಮೇಲೆ ಹೋಗಿ ಮೊಳೆಯಿಂದ ಸೈಡ್‌ವೀಲನ್ನು ಇಳಿಸಿತು. ನರಸಮ್ಮ ಕಾಳಿನ ಮೊರ ಪಕ್ಕಕ್ಕಿಟ್ಟು, ಒಳಗೆ ಹೋಗಿ, ಹಳೇ ಮಿರಮಿರ ಕಾಗದವನ್ನು ತಂದುಕೊಟ್ಟಳು. ಮಡಿಸಿ ಹಾಸಿಗೆ ಕೆಳಗೆ ಇಟ್ಟಿದ್ದಳಂತೆ.

ಅವತ್ತಿನಿಂದ ಮಳೆ ಬಂದರೆ ಸಾಕು, ಶಶಿರೇಖಾ ಆ ತಿರುವಿಗೆ ಹೋಗುತ್ತಿದ್ದಳು. ಟೈರಿಗೆ ಎಪ್ಪತ್ತೈದು ಹಾಕಿ, ಎಂಬತ್ತು ಹಾಕಿ, ಎಂಬತ್ತೈದು ಹಾಕಿ ನೋಡಿದಳು. ಎಡ ಅಂಚಿನಲ್ಲಿ ಬಣ್ಣ ತಾಗದ ಒಂದು ಮೊಳದಷ್ಟು ಬರೀ ಡಾಂಬರು ಉಳಿದಿರುವುದನ್ನು ಕಂಡುಕೊಂಡಳು. ಬ್ರೇಕನ್ನು ತಿರುವಿಗೆ ಮುಂಚೆ ಹಿಡಿದು, ತಿರುವಿನಲ್ಲಿ ಬಿಟ್ಟು, ಸೈಕಲ್ಲನ್ನು ಆದಷ್ಟು ನೆಟ್ಟಗೆ ಇಟ್ಟುಕೊಂಡು ದಾಟುವುದು ಬೆರಳಿಗೆ ಬಾಯಿಪಾಠವಾಯಿತು.

ಈ ವರ್ಷದ ನವೆಂಬರ್ ಒಂದು. ಮತ್ತೆ ಶಲ್ಯ, ಮತ್ತೆ ಮಳೆ. ಕೆಂಪರಾಜನಿಗೆ ಅವಳನ್ನು ಕಂಡು ನಿಜಕ್ಕೂ ಖುಷಿಯಾಯಿತು.

"ಓಹೋ, ಸೈಡ್‌ವೀಲ್ ಮೇಡಂ! ಬನ್ನಿ ಬನ್ನಿ. ಇವತ್ತು ಎಷ್ಟು ಇಡ್ಲಿ?"

"ಎಂಬತ್ತು ಸಾರ್." ಅವಳು ತರಗತಿಯ ದನಿ ತೆಗೆದಳು, ಹಿಂದಿನ ಬೆಂಚಿಗೂ ಕೇಳುವಂಥದ್ದು. "ನಿಮ್ಮ ತೂಕಕ್ಕೆ ತೊಂಬತ್ತೈದು ಸಾಕು. ಮಳೇಲಿ ನೂರಿಪ್ಪತ್ತು ಹಾಕಿದ್ರೆ ಜಾರುತ್ತೆ. ದಯವಿಟ್ಟು ಹಾಕ್ಬೇಡಿ."

"ಕೇಳಿದ್ರೇನ್ರಪ್ಪಾ? ಬಿದ್ದವರು ಬೀಳದೇ ಇರೋರಿಗೆ ಪಾಠ ಮಾಡ್ತಾವ್ರೆ."

"ತಮಾಷೆ ಅಲ್ಲ ಸಾರ್. ನಾನು ಹೇಳ್ತಾ ಇದೀನಿ, ಹಾಕ್ಬೇಡಿ."

ಮುನೀಂದ್ರನ ಫೋನು ಓಡುತ್ತಿತ್ತು. ಕೆಂಪರಾಜ್ ಅದರತ್ತ ಒಮ್ಮೆ ನೋಡಿ, ಪಂಪಿಗೆ ಕಾಲು ಕೊಟ್ಟ. ಮುಳ್ಳು ನೂರು ದಾಟಿತು, ನೂರಿಪ್ಪತ್ತಕ್ಕೆ ಬಂತು. ಅವಳು ಮೂರನೇ ಸಲ, ಇನ್ನೂ ಮೆತ್ತಗೆ, "ಬೇಡ ಸಾರ್" ಎಂದಳು. ಅವನು ಇನ್ನೆರಡು ಸಲ ಒತ್ತಿದ.

ಏರಿಯ ಮೇಲೆ ಅವಳು ಮುಂದೆ, ಅವನು ಬೆನ್ನಿಗೆ. ಹೆಂಗಸಿನ ಹಿಂದೆ ಇಳಿಯುವುದು ಅವನಿಂದ ಆಗುವ ಕೆಲಸವಲ್ಲ ಎಂದು ಅವಳಿಗೆ ಗೊತ್ತಿತ್ತು. ಇಳಿಜಾರಿನ ಬುಡದಲ್ಲಿ ಬ್ರೇಕ್ ಹಿಡಿದು ಬಿಟ್ಟು, ಎಡ ಅಂಚಿಗೆ ಸರಿದು ಅವನಿಗೆ ರಸ್ತೆ ಬಿಟ್ಟಳು. ಹಿಂದೆ ಬರುವವರಿಗೆ ದಾರಿ ಬಿಡುವುದು ಸೌಜನ್ಯ. ಅವನು ಬಲದಿಂದ ಹಾರಿಕೊಂಡು ಬಂದ. ಹಾದುಹೋಗುವಾಗ ಅವಳ ಕಡೆ ತಿರುಗಿ ಹಲ್ಲು ಬಿಟ್ಟ. ಆಗ ಅವಳು ತನ್ನಲ್ಲಿದ್ದ ಕೊನೆಯ ನಿಜವನ್ನೂ ಕೂಗಿ ಹೇಳಿದಳು.

"ಬ್ರೇಕ್ ಹಿಡೀಬೇಡಿ ಸಾರ್!"

ಅವನ ಎರಡೂ ಕೈ ಬ್ರೇಕಿಗೆ ಹೋದವು.

ಮೊದಲ ಪಟ್ಟಿಯಲ್ಲಿ ಪುಟಿದ, ಎರಡನೆಯದರಲ್ಲಿ ಜಾರಿದ, ಮೂರನೆಯದರ ಮೇಲೆ ಮಲಗಿದ. ಸೈಕಲ್ ಅದೇ ಮುಳ್ಳುಬೇಲಿಗೆ ಹೋಯಿತು. ಶಶಿರೇಖಾ ಒಂದು ಮೊಳ ಡಾಂಬರಿನ ಮೇಲೆ ಸರಾಗವಾಗಿ ದಾಟಿ, ನಿಲ್ಲಿಸಿ, ಸೈಕಲ್ಲನ್ನು ಮೈಲಿಗಲ್ಲಿಗೆ ಒರಗಿಸಿ, ನಿಧಾನವಾಗಿ ನಡೆದು ಬಂದಳು. ತನ್ನ ಕೊರಳಿನ ಶಲ್ಯ ಬಿಚ್ಚಿ ಅವನ ಬಲಗೈಗೆ ಪಟ್ಟಿ ಕಟ್ಟಿದಳು. ಗಂಟು ಅಚ್ಚುಕಟ್ಟಾಗಿತ್ತು, ಎಲ್ಲಿ ಬಿಗಿದರೆ ಎಷ್ಟು ನೋಯುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅವನ ಮುಖದ ಮೇಲೆ ಬಗ್ಗಿದಳು.

"ಬ್ರೇಕ್ ಹಿಡಿದ್ರಲ್ಲಾ ಸಾರ್."

ಅವಳು ಹಿಂದಕ್ಕೆ ತಿರುಗಿ ಕೇಳಿದಳು: "ಮುನೀಂದ್ರ ಅವರೇ, ಬಂತಾ?"

"ಎಲ್ಲಾ ಬಂತು ಮೇಡಂ," ಎಂದ ಮುನೀಂದ್ರ. "ಗಾಳಿ ಹಾಕಿದ್ದು, ನೀವು ಬೇಡ ಅಂದಿದ್ದು, ಎಲ್ಲಾ."

ಹದಿನೈದನೇ ದಿನ ಅವಳು ಗಿಳಿಬಣ್ಣದ ಮನೆಗೆ ಹೋದಳು. ಜೊತೆಗೆ ನರಸಮ್ಮನೂ ಹೊಸ ಸೀರೆ ಉಟ್ಟುಕೊಂಡು ಹೊರಟಿದ್ದಳು. ಅದೇ ಮಿರಮಿರ ಕಾಗದ, ಅದೇ ಮಡಿಕೆ. ಕೆಂಪರಾಜನ ಎಡಗೈಗೆ ಬಿಚ್ಚಲು ಬರಲಿಲ್ಲ, ಅನಸೂಯ ಬಿಚ್ಚಿದಳು. ಗುಲಾಬಿ ಚಕ್ರ ಕಂಡದ್ದೇ ತಡ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಗಂಡನಿಗೆ ಕೇಳುವಂತೆ ಹೇಳಿದಳು:

"ಇದನ್ನ ಇಟ್ಕೊಬೇಡಿ ಕಣ್ರೀ, ಎಸೆದುಬಿಡಿ."

ಕೆಂಪರಾಜ್ ಇಟ್ಟುಕೊಂಡ. ಬಲಗಡೆಯ ಕಾಲರ್ ಬೋನ್ ಎರಡು ಕಡೆ ಮುರಿದಿತ್ತು, ಆರು ವಾರ ಕೈಪಟ್ಟಿ. ಪಂಪು ಈಗ ಶಶಿರೇಖಾಳ ಹತ್ತಿರ ಇದೆ. ಸೈಡ್‌ವೀಲ್ ಎಂದರೆ ದೊಡ್ಡಬಳ್ಳಾಪುರದಲ್ಲಿ ಕೆಂಪರಾಜ್ ಎಂದು ಅರ್ಥ.