ಒದ್ದೆ ಹತ್ತಿಯಲ್ಲಿ ಬಂದ ಕಣ್ಣು

ಸುಬ್ಬಜ್ಜಿ ಬಂದಾಗ ನಾನು ಜಗಲಿಯಲ್ಲಿ ಅಕ್ಕಿ ಕೇರುತ್ತಿದ್ದೆ. ಕೋಲಸಿರ್ಸಿಯ ಕೆಳಗಿನ ಕೇರಿಯಿಂದ ಏರಿ ಬಂದ ಏದುಸಿರು ಇಳಿಯುವ ಮೊದಲೇ ಅವಳು ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದು ಫೋಟೋ ನನ್ನ ಮುಂದೆ ಇಟ್ಟಳು.

"ಮಮತಾ, ನೀನು ಹಳೇ ಫೋಟೋಕ್ಕೆ ಬಣ್ಣ ಹಾಕ್ತೀಯಂತೆ. ಇದಕ್ಕೊಂದು ಹಾಕಿಕೊಡು ಮಗಾ."

ಕಪ್ಪು ಬಿಳುಪು ಚಿತ್ರ. ಆರು ವರ್ಷದ ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು. ಮೈ ಸ್ವಲ್ಪ ಜೋತುಬಿದ್ದಂತಿತ್ತು, ಕಣ್ಣು ಮಾತ್ರ ನೇರವಾಗಿ ನಮ್ಮನ್ನೇ ನೋಡುತ್ತಿತ್ತು.

"ನನ್ನ ಗಂಗಿ. ಜ್ವರ ಬಂದು ಹೋದ್ಲು, ನಲವತ್ತೆಂಟು ವರ್ಷ ಆತು. ನಾನು ಆಗ ಹಸಿ ಬಾಣಂತಿ, ಮನ್ಮನೆ ಊರಲ್ಲಿ, ತೌರುಮನೇಲಿದ್ದೆ. ಯಾರೂ ನನ್ನ ಕಳಿಸ್ಲಿಲ್ಲ. ಮುಖ ನೋಡೂಕೂ ಆಗ್ಲಿಲ್ಲ. ಅವಳು ಹೋಗೂಕೆ ಎಂಟು ದಿನ ಮುಂಚೆ ಇವರು ಪೇಟೆಗೆ ಕರ್ಕೊಂಡು ಹೋಗಿ ತೆಗೆಸಿದ್ರಂತೆ. ಪುಣ್ಯ, ಇದೊಂದಾದ್ರೂ ಉಳೀತು."

'ಇವರು' ಎಂದರೆ ಅವಳ ಗಂಡ ಹುಚ್ಚಪ್ಪ. ಅವನೂ ಹೋಗಿ ವರ್ಷಗಳಾದವು.

ನಾನು ಮೂಲ ಫೋಟೋಕ್ಕೆ ಬಣ್ಣ ಹಚ್ಚುವುದಿಲ್ಲ, ಒರೆಸಿ ಶುಚಿ ಮಾಡುತ್ತೇನೆ ಅಷ್ಟೇ. ಸಿದ್ದಾಪುರದ ಸ್ಟುಡಿಯೋದಲ್ಲಿ ದಪ್ಪ ಕಾಗದಕ್ಕೆ ಪ್ರತಿ ತೆಗೆಸಿ ಅದರ ಮೇಲೆ ಜಲವರ್ಣ ಹಚ್ಚುತ್ತೇನೆ. ಹಾಗೆಂದಾಗ ಅಜ್ಜಿ ತಲೆಯಾಡಿಸಿದಳು.

"ಬೇರೆ ಕಾಗದದಲ್ಲಿ ಮಾಡಿದ್ರೆ ಅದು ಅವಳಾಗೂದಿಲ್ಲ. ಇದಕ್ಕೇ ಹಾಕು. ಫ್ರಾಕು ಗುಲಾಬಿ, ನಾನೇ ಹೊಲಿಸಿದ್ದು. ಸುತ್ತ ಹಸೆ ಬರಿ."

"ಮದುವೆ ಹಸೆಯಾ ಅಜ್ಜಿ?"

"ಮತ್ತೆಂತದು? ಅವಳ ಮದುವೆಗೆ ಗೋಡೆ ಮೇಲೆ ಬರೆಯೂದು ನನ್ನ ಹಣೇಲಿ ಇರ್ಲಿಲ್ಲ, ಕಾಗದದಲ್ಲಾದ್ರೂ ಇರ್ಲಿ. ಗಂಡು ಎಲ್ಲಿ ಅಂತ ಕೇಳ್ಬೇಡ. ಅವಳಪ್ಪನಂಥವ ಸಿಕ್ಕೂದಕ್ಕಿಂತ ಸಿಕ್ಕದೇ ಇದ್ದದ್ದೇ ಒಳ್ಳೇದು."

ನಮ್ಮ ಮನೆಗಳಲ್ಲಿ ಮದುವೆಗೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತೇವೆ. ಅದೇ ಹಸೆ. ಒಪ್ಪಿಕೊಂಡೆ.

ಮರುದಿನ ಕುಕ್ಕರ್ ಇಟ್ಟು, ಅಡಿಗೆಮನೆಯ ಕಿಟಕಿಯ ಬಳಿ ಕೂತೆ. ಹಳೆಯ ಫೋಟೋಗಳ ಮೇಲೆ ಕೈಯ ಜಿಡ್ಡು ಕೂತಿರುತ್ತದೆ. ಅದು ಹೋಗದೆ ನೀರಿನ ಬಣ್ಣ ಹಿಡಿಯುವುದಿಲ್ಲ, ಹನಿಹನಿಯಾಗಿ ಜಾರುತ್ತದೆ. ಅದಕ್ಕೆ ಅಂಟುವಾಳ ನೆನೆಸಿದ ನೀರಲ್ಲಿ ಹತ್ತಿ ಅದ್ದಿ, ಹಿಂಡಿ, ಹಗುರವಾಗಿ ಒರೆಸುತ್ತೇನೆ. ಒರೆಸುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡುವುದು ನನ್ನ ರೂಢಿ. ಅವತ್ತು ಮೊಬೈಲು ಮಗಳ ಕೈಯಲ್ಲಿತ್ತು. ಕಾವ್ಯಶ್ರೀಗೆ ಆರು ವರ್ಷ, ಕಸಿದರೆ ಅಳುತ್ತಾಳೆ. ಇರಲಿ ಎಂದು ಬಿಟ್ಟೆ.

ಫ್ರಾಕು ಒರೆಸಿದೆ. ಕೆನ್ನೆ ಒರೆಸಿದೆ. ಹತ್ತಿಯನ್ನು ಎತ್ತಿ ನೋಡಿದಾಗ ಅದರಲ್ಲಿ ಎರಡು ಕಪ್ಪು ಕಲೆಗಳಿದ್ದವು.

ಫೋಟೋದಲ್ಲಿ ಹುಡುಗಿ ಕಣ್ಣು ಮುಚ್ಚಿದ್ದಳು.

ಕುಕ್ಕರ್ ಎಷ್ಟು ಸಲ ಕೂಗಿತೋ ತಿಳಿಯಲಿಲ್ಲ. ರೆಪ್ಪೆಯ ಮೇಲೆ ಯಾರೋ ಶಾಯಿಯಿಂದ ಕಣ್ಣು ಬರೆದಿದ್ದರು. ಆಮೇಲೆ ಉಳಿದದ್ದೆಲ್ಲ ಕಾಣತೊಡಗಿತು. ಜೋತ ಕುತ್ತಿಗೆ, ಬೆನ್ನಿಗೆ ಒತ್ತಿಟ್ಟ ಕಂಬಳಿಯ ಸುರುಳಿ, ಸೊಂಟದ ಹತ್ತಿರ ಹಿಂದಿನಿಂದ ಆನಿಸಿ ಹಿಡಿದ ಒಂದು ಗಂಡಸಿನ ಹೆಬ್ಬೆರಳು. ಇದು ಎಂಟು ದಿನ ಮುಂಚೆ ತೆಗೆದದ್ದಲ್ಲ. ಮಗು ಸತ್ತ ಮೇಲೆ ತೆಗೆದದ್ದು.

ಹೇಳಿಬಿಡಬೇಕಿತ್ತು. ಆದರೆ ನಲವತ್ತೆಂಟು ವರ್ಷ ಅಜ್ಜಿಯನ್ನು ನೋಡುತ್ತಿದ್ದ ಮಗುವನ್ನು ನಾನೇ ಅಳಿಸಿ, ಇದು ಹೆಣ ಎಂದು ಹೇಗೆ ಹೇಳಲಿ? ತೆಳ್ಳನೆಯ ಕುಂಚ ತೆಗೆದುಕೊಂಡೆ. ಹಳೆಯ ಕಣ್ಣು ಹೇಗಿತ್ತೆಂದು ನೆನಪಾಗಲಿಲ್ಲ. ಎದುರಿಗೆ ಕಾವ್ಯಾ ಕೂತಿದ್ದಳು. "ಅಮ್ಮ, ಹಸಿವು," ಎಂದು ತಲೆಯೆತ್ತಿದಳು. ಆ ನೋಟವನ್ನೇ ಬರೆದೆ. ಕಂದು ಬಣ್ಣ, ಒಂದು ಚೂರು ಕಪ್ಪು, ಬಿಳಿಯ ಚುಕ್ಕೆ. ನಾಲ್ಕು ದಿನದಲ್ಲಿ ಗುಲಾಬಿ ಫ್ರಾಕೂ ಸುತ್ತಲಿನ ಹಸೆಯೂ ಮುಗಿದವು.

ಅಜ್ಜಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ಈಗ ಬಂದ್ಲು," ಎಂದಳು.

ಅದೇ ವಾರದಿಂದ ಅಜ್ಜಿ ಶಾಲೆಯ ಗೇಟಿನ ಬಳಿ ನಿಲ್ಲತೊಡಗಿದಳು. ಕಾವ್ಯಾ ಅರಳುಂಡೆ ತಿನ್ನುತ್ತ ಮನೆಗೆ ಬರುತ್ತಿದ್ದಳು. ಮುದುಕಿಗೆ ಮಕ್ಕಳೆಂದರೆ ಪ್ರೀತಿ ಎಂದುಕೊಂಡೆ. ಒಂದು ದಿನ ನಾನೇ ಕರೆತರಲು ಹೋದೆ. ಅಜ್ಜಿ ಗೇಟಿನಿಂದ, "ಗಂಗೀ," ಎಂದು ಕರೆದಳು.

ನನ್ನ ಮಗಳು ಆಟ ಬಿಟ್ಟು, "ಓ," ಎಂದು ಓಡಿಬಂದಳು.

"ನಿನ್ನ ಹೆಸರು ಎಂತದು?" ದಾರಿಯಲ್ಲಿ ಕೇಳಿದೆ.

"ಮನೇಲಿ ಕಾವ್ಯಾ," ಎಂದಳು.

ಆ ರಾತ್ರಿ ಅವಳ ಮೈ ಬಿಸಿಯಾಯಿತು. ದೊಡ್ಡ ಜ್ವರವಲ್ಲ, ಮಕ್ಕಳಿಗೆ ಬರುವಂಥದ್ದು. ಆದರೂ ಅವಳು ಕಣ್ಣು ಮುಚ್ಚಿ ಮಲಗಿದಾಗಲೆಲ್ಲ ಆ ರೆಪ್ಪೆಗಳೇ ಕಾಣುತ್ತಿದ್ದವು. ನಾನು ಅವಳನ್ನು ಅಲುಗಿಸಿ ಎಬ್ಬಿಸುತ್ತಿದ್ದೆ. ಬದುಕಿರುವ ಮಗುವಿನ ನೋಟವನ್ನು ಸತ್ತ ಮಗುವಿಗೆ ಕೊಟ್ಟವಳು ನಾನು.

ಜ್ವರ ಬಿಟ್ಟ ಬೆಳಿಗ್ಗೆ ಕಾವ್ಯಾಳ ಕೈ ಹಿಡಿದು ಕೆಳಗಿನ ಕೇರಿಗೆ ಇಳಿದೆ. ಚಿತ್ರ ಒಳಗಿನ ಗೋಡೆಯಲ್ಲಿತ್ತು, ಇನ್ನೂ ಗಾಜು ಹಾಕಿಸಿರಲಿಲ್ಲ. ಕೆಂಪು ಹಸೆಯ ನಡುವಿನಿಂದ ನನ್ನ ಮಗಳು ಅನ್ನಕ್ಕೆ ಕಾಯುವ ಹಾಗೆ ನನ್ನನ್ನು ನೋಡಿದಳು.

ಕಾವ್ಯಾ ಅದರ ಮುಂದೆ ನಿಂತಳು. "ಅಮ್ಮ, ಇವಳಿಗೆ ನಿದ್ದೆ ಬತ್ತಾ ಇದೆ. ಯಾಕೆ ಮಲಗಿಸೂದಿಲ್ಲ?"

ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ನಾನು ಎಲ್ಲ ಹೇಳಿದೆ. ಹತ್ತಿಯನ್ನೂ, ರೆಪ್ಪೆಯನ್ನೂ, ನಾನು ಯಾರ ಕಣ್ಣು ಬರೆದೆನೆಂಬುದನ್ನೂ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ.

ಅಜ್ಜಿ ಎದ್ದು ಚಿತ್ರ ಇಳಿಸಿದಳು. ಸೊಂಟದ ಬಳಿಯ ಹೆಬ್ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

"ಇದು ಇವರ ಕೈ. ಉಗುರಿಲ್ಲ ನೋಡು, ಕತ್ತಿ ತಾಗಿ ಹೋಗಿತ್ತು. ಪೇಟೆಗೆ ಹೋದವರು ಮಗಳ ಹಿಂದೆ ಯಾಕೆ ಅಡಗಿ ಕೂತ್ರು ಅಂತ ಎಷ್ಟು ಸಲ ಕೇಳಬೇಕು ಅನ್ಸಿತ್ತು. ಕೇಳ್ಲಿಲ್ಲ. ಕೇಳಿದ್ರೆ ಹೇಳಿಬಿಡ್ತಿದ್ರು."

"ತಪ್ಪಾಯ್ತು ಅಜ್ಜಿ."

"ನಿಂದೆಂತ ತಪ್ಪು? ಇವರು ಬರೆಸಿದ್ರು, ನೀನು ಬರೆದೆ. ಇಬ್ಬರೂ ನಂಗೋಸ್ಕರವೇ." ಅವಳು ಕಾವ್ಯಾಳ ತಲೆ ಮುಟ್ಟಿದಳು. "ಇವಳದ್ದು ಇವಳಿಗೇ ಇರ್ಲಿ. ಹತ್ತಿ ತಂದ್ಯಾ?"

ತಂದಿದ್ದೆ. ತಂಬಿಗೆಯ ನೀರಿನಲ್ಲಿ ಅದ್ದಿ ಹಿಂಡಿದೆ. ಒರೆಸಲು ಬಗ್ಗಿದಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದಳು.

"ಇಲ್ಲಿ ಕೊಡು. ಅವತ್ತು ನಾನು ಮಾಡಬೇಕಾಗಿದ್ದ ಕೆಲಸ."

ಚಿತ್ರವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಎಡಗೈಯಲ್ಲಿ ಹಸೆಯ ಅಂಚು ಹಿಡಿದು, ಬಲಗೈಯಲ್ಲಿ ಮೇಲಿನಿಂದ ಕೆಳಗೆ, ಮೊದಲು ಒಂದು, ಆಮೇಲೆ ಇನ್ನೊಂದು, ಮಗುವಿನ ಕಣ್ಣು ಮುಚ್ಚಿದಳು. ಗುಲಾಬಿ ಕೆನ್ನೆಗೆ ಒಂದು ಚೂರೂ ನೀರು ತಾಗಲಿಲ್ಲ. ಕಾವ್ಯಾ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು.

"ಮಲಗು," ಎಂದಳು ಅಜ್ಜಿ. ಯಾರಿಗೆ ಎಂದು ಕೇಳುವ ಹಾಗಿರಲಿಲ್ಲ.

ಹೊರಡುವಾಗ ಹತ್ತಿಯನ್ನು ನನ್ನ ಕೈಗೇ ಕೊಟ್ಟಳು. ಏರು ಹತ್ತುತ್ತ ಮಗಳು ಮುಂದೆ ಓಡಿದಳು. "ಕಾವ್ಯಾ," ಎಂದು ಕರೆದೆ. ಎರಡನೆಯ ಸಲ ಕರೆದ ಮೇಲೆ ತಿರುಗಿ ನೋಡಿದಳು.

ಎರಡು ಕಂದು ಕಲೆಗಳ ಆ ಹತ್ತಿ ಒಣಗಿ, ಕುಂಚಗಳ ಡಬ್ಬಿಯಲ್ಲಿ ಈಗಲೂ ಇದೆ. ಒಲೆಗೆ ಹಾಕಲು ಕೈ ಬಂದಿಲ್ಲ, ಹೊರಗೆ ಎಸೆಯಲೂ ಬಂದಿಲ್ಲ.