ಇಳಿಸದ ಹೆದೆ

ಇಪ್ಪತ್ತೆರಡು ವರ್ಷ ಫಿರಂಗಿ ದಳದಲ್ಲಿ ದುಡಿದು ಹವಾಲ್ದಾರನಾಗಿ ಮರಳಿದ ಮೇಲೆ ನಮ್ಮೂರು ತೋಲ್ಪೆಟ್ಟಿಯಲ್ಲಿ ನನ್ನನ್ನು ಯಾರೂ ಚಿಕ್ಕಮಾದು ಎಂದು ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಗೆಳೆಯರಿಗೆಲ್ಲ ನಾನು ‘ಪಟ್ಟಾಳ’, ಅಂದರೆ ಸೈನ್ಯದವನು. ಎಡಗಿವಿಯನ್ನು ಫಿರಂಗಿ ನುಂಗಿತು. ಬಾಯಿ ಮಾತ್ರ ಚೂರೂ ಸವೆದಿಲ್ಲ ಎಂದು ನನ್ನ ಹೆಂಡತಿ ಚಾಮುಂಡಮ್ಮ ಕಂಡಕಂಡವರ ಮುಂದೆ ಹೇಳುತ್ತಾಳೆ.

ಆ ಬಾಯಿಯನ್ನು ನಂಬಿಯೇ ಕಳೆದ ನವೆಂಬರಿನಲ್ಲಿ ನಮ್ಮ ವಾಚನಾಲಯದ ಕಾರ್ಯದರ್ಶಿ ಸಜೀವನ್ ಮನೆಗೆ ಬಂದ. ಅವನಿಗೆ ನಾನು ‘ಏಟ್ಟ’, ಅಂದರೆ ಅಣ್ಣ.

“ಮಾದುವೇಟ್ಟಾ, ಯುದ್ಧ ಹೆಂಗೆಲ್ಲ ಬದಲಾಯ್ತು ಅಂತ ನೀವೊಂದು ಭಾಷಣ ಮಾಡ್ಬೇಕು. ಎಂಟು ದಿನ ಪ್ರದರ್ಶನ, ಕೊನೇ ದಿನ ನಿಮ್ಮ ಮಾತು.”

ಚಾಮುಂಡಮ್ಮ ಚಹಾ ತರುವ ಮೊದಲೇ ನಾನು ಒಪ್ಪಿಯಾಗಿತ್ತು. ವಾಚನಾಲಯದ ಉದ್ದ ಬೆಂಚಿನ ಮೇಲೆ ಏನೇನು ಇಡಬೇಕೆಂದು ಆವತ್ತೇ ಲೆಕ್ಕ ಹಾಕಿದೆ. ಮೊದಲು ಬಿಲ್ಲು. ಆಮೇಲೆ ಬತ್ತಿ ಹಚ್ಚಿ ಸಿಡಿಸುತ್ತಿದ್ದ ಹಳೆಯ ಬಂದೂಕಿನ ಚಿತ್ರ. ಆಮೇಲೆ ನಿವೃತ್ತಿಯ ದಿನ ಗೆಳೆಯರು ಕೊಟ್ಟ ಹಿತ್ತಾಳೆಯ ಖಾಲಿ ಶೆಲ್ಲು. ಅದರಲ್ಲಿ ಚಾಮುಂಡಮ್ಮ ಊದುಬತ್ತಿ ಸಿಕ್ಕಿಸುತ್ತಿದ್ದಳು, ಕಿತ್ತುಕೊಂಡು ಬಂದೆ. ಕೊನೆಗೆ ಮದುವೆ ಫೋಟೋ ತೆಗೆಯುವವನಿಂದ ಎರವಲು ತಂದ ಡ್ರೋನು.

ಬಿಲ್ಲು ಇದ್ದದ್ದು ಗುಂಡನ ಮನೆಯಲ್ಲಿ. ಗುಂಡ ಕಾಡಂಚಿನ ಹಾಡಿಯವನು, ಅರಣ್ಯ ಇಲಾಖೆಯ ವಾಚರ್, ನಾನೂ ಅವನೂ ಒಟ್ಟಿಗೆ ಹೊಳೆಯಲ್ಲಿ ಏಡಿ ಹಿಡಿದವರು. ಆ ಬಿಲ್ಲನ್ನು ಮಾಡಿದ್ದು ಅವನ ಅಪ್ಪ. ಅವರ ಮನೆತನದಲ್ಲಿ ಒಂದು ಪದ್ಧತಿಯುಂಟು. ಪುತ್ತರಿಯ ದಿನ, ಅಂದರೆ ಸುಗ್ಗಿ ಹಬ್ಬದಂದು, ಹೊಸ ಭತ್ತಕ್ಕೆ ಕುಡುಗೋಲು ಹಾಕುವ ಮೊದಲು ಮನೆಯ ಹಿರಿಯ ಗಂಡಸು ಗದ್ದೆಯ ಈಚೆ ನಿಂತು ಒಂದು ಬಾಣ ಬಿಡಬೇಕು. ಅದು ಆಚೆಯ ಬದುವನ್ನು ದಾಟಬೇಕು. ದಾಟದಿದ್ದರೆ ಮುಂದಿನ ವರ್ಷದಿಂದ ಆ ಹಕ್ಕು ನಂತರದವನಿಗೆ. ಬೇಟೆ ನಿಂತು ಎಷ್ಟೋ ಕಾಲವಾದ ಮೇಲೆ ಬಿಲ್ಲಿಗೆ ಉಳಿದ ಕೆಲಸ ವರ್ಷಕ್ಕೆ ಅದೊಂದೇ ಬಾಣ. ಹತ್ತೊಂಬತ್ತು ವರ್ಷದಿಂದ ಅದನ್ನು ಬಿಡುತ್ತಿದ್ದವನು ಗುಂಡ, ಮತ್ತು ಅವನಿಗೆ ಜಂಬ ಎಂಬುದು ಏನಾದರೂ ಇದ್ದರೆ ಅದು ಅಷ್ಟೇ.

“ತಗೊಂಡು ಹೋಗು ಪಟ್ಟಾಳಾ,” ಎಂದ. “ಮಾತಾಡೋವಾಗ ಹೆದೆ ಕಟ್ಟು. ಮುಗಿದ ಮೇಲೆ ಬಿಚ್ಚು. ಪುತ್ತರಿಗೆ ಬೇಕು, ಮರೀಬೇಡ.”

ಹೆದೆ ಕಟ್ಟದ ಬಿಲ್ಲು ನೋಡಲು ಬರೀ ಬಿದಿರು ಕೋಲು. ಸಜೀವನ್ ಅದನ್ನು ತಿರುಗಿಸಿ ನೋಡಿ, ಇದು ದನ ಹೊಡೆಯುವ ಕೋಲಲ್ಲ ಎಂದು ಜನರಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ. ನನಗೂ ಸರಿ ಎನ್ನಿಸಿತು. ಮೊದಲ ದಿನವೇ ಹೆದೆ ಏರಿಸಿ, ಕಿಟಕಿಯ ಪಕ್ಕದ ಗೋಡೆಗೆ ತೂಗುಹಾಕಿದೆ. ಎಂಟು ದಿನ ಅದು ಬಿಸಿಲಿನಲ್ಲಿ ಬಾಗಿಕೊಂಡೇ ಇತ್ತು.

ಇದನ್ನು ಮಾಡಿದವನು ಯಾರು ಗೊತ್ತೆ? ರೈಫಲನ್ನು ಕಾಕ್ ಮಾಡಿ, ಒಳಗಿನ ಸ್ಪ್ರಿಂಗ್ ಬಿಗಿದಿಟ್ಟು ಮಲಗಿದ ಹೊಸ ಹುಡುಗರನ್ನು ಮೈದಾನದ ಸುತ್ತ ಹತ್ತು ಸುತ್ತು ಓಡಿಸಿದ ಹವಾಲ್ದಾರ. ಸ್ಪ್ರಿಂಗನ್ನು ಒತ್ತಿಟ್ಟರೆ ಅದರ ಬಲ ಹೋಗುತ್ತದೆ ಎಂದು ಗಂಟಲು ಹರಿಯುವಂತೆ ಕೂಗಿದವನು ನಾನು. ಬಿಲ್ಲೂ ಒಂದು ಸ್ಪ್ರಿಂಗೇ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ. ನನ್ನ ಪಾಲಿಗೆ ಅದು ಹಳೆಯ ಕಾಲದ ಸಾಮಾನು.

ಭಾಷಣ ಮಾತ್ರ ಚೆನ್ನಾಯಿತು. ಗೋಡೆಯ ಬಿಲ್ಲನ್ನು ತೋರಿಸಿ, ಇದು ಹಳೆಯ ಕಾಲದ್ದು ಎಂದು ಶುರು ಮಾಡಿದೆ. ಇನ್ನೂರು ವರ್ಷದ ಹಿಂದೆ ಇದೇ ಬೆಟ್ಟಗಳಲ್ಲಿ ಬಿಲ್ಲಿನವರು ಕಂಪನಿಯ ಸಿಪಾಯಿಗಳನ್ನು ಹೇಗೆ ಕಾಡಿದರೆಂದು ಹೇಳಿದೆ. ಮದ್ದು ಮಳೆಗೆ ನೆನೆದರೆ ಬಂದೂಕು ದೊಣ್ಣೆಗೆ ಸಮ. ಸಿಪಾಯಿ ಮತ್ತೆ ಮದ್ದು ತುಂಬುವಷ್ಟರಲ್ಲಿ ಬಿಲ್ಲಿನವನು ನಾಲ್ಕು ಬಾಣ ಬಿಟ್ಟು ಬಿದಿರಿನ ಮೆಳೆಯಲ್ಲಿ ಮಾಯ. ಕೊನೆಗೆ ಬಿಲ್ಲಿನವರನ್ನು ಸೋಲಿಸಿದ್ದು ಬಂದೂಕೊಂದೇ ಅಲ್ಲ, ಕಾಡಿನೊಳಗೆ ಕಡಿದ ದಾರಿ, ಘಾಟಿಯಲ್ಲಿ ತಡೆದ ಅಕ್ಕಿ. ಆಮೇಲೆ ನನ್ನ ಕಾಲಕ್ಕೆ ಬಂದೆ. ಬಿಲ್ಲಿನವನಿಗೆ ಎದುರಾಳಿಯ ಮುಖ ಕಾಣುತ್ತಿತ್ತು. ನಾನು ಇಪ್ಪತ್ತೆರಡು ವರ್ಷದಲ್ಲಿ ಒಬ್ಬನ ಮುಖವನ್ನೂ ನೋಡಲಿಲ್ಲ. ಬೆಟ್ಟದಾಚೆಯಿಂದ ವೈರ್‌ಲೆಸ್ಸಿನಲ್ಲಿ ಅಂಕಿ ಬರುತ್ತಿತ್ತು, ಅಂಕಿಗೆ ಗುಂಡು ಹಾರಿಸುತ್ತಿದ್ದೆವು. ಈಗ ಡ್ರೋನಿನವನಿಗೆ ಮತ್ತೆ ಮುಖ ಕಾಣುತ್ತದೆ, ಆದರೆ ಸಾಯುವವನಿಗೆ ಇವನು ಕಾಣುವುದಿಲ್ಲ. ಇಷ್ಟು ಹೇಳಿ ಮುಗಿಸಿದೆ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ನಾನು ಉಬ್ಬಿಹೋದೆ.

ಖಾಕಿ ಬಟ್ಟೆಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಗುಂಡ ಗೋಡೆಯ ಹತ್ತಿರ ಹೋಗಿ ಬಿಲ್ಲನ್ನು ನೋಡಿದ.

“ಹೆದೆ ಇವತ್ತೇ ಕಟ್ಟಿದ್ದಾ?”

“ಹೂಂ, ಬೆಳಗ್ಗೆ,” ಎಂದೆ. ಹೊಗಳುವವರ ನಡುವೆ ನಿಂತಿದ್ದೆ, ಬೈಸಿಕೊಳ್ಳಲು ಮನಸ್ಸಿರಲಿಲ್ಲ. ಸುಳ್ಳು ತಾನಾಗಿಯೇ ಬಂತು.

ಸಂಜೆ ಹೆದೆ ಬಿಚ್ಚಿದೆ. ಬಿಲ್ಲು ನೆಟ್ಟಗಾಗಲಿಲ್ಲ. ಕೈ ಬಿಟ್ಟರೂ ಬಾಗಿಯೇ ಉಳಿಯಿತು. ಮನೆಗೆ ತಂದು ಎರಡು ದಿನ ಅಕ್ಕಿ ಮೂಟೆಯ ಕೆಳಗಿಟ್ಟೆ. ಕಣ್ಣಿಗೆ ನೆಟ್ಟಗಾದಂತೆ ಕಂಡ ಮೇಲೆ ಒಗೆದ ಪಂಚೆಯಲ್ಲಿ ಸುತ್ತಿ ಕೊಟ್ಟುಬಂದೆ. ಗುಂಡ ಹೆಬ್ಬೆರಳಿನಿಂದ ಬಿಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದ.

“ಎಲ್ಲ ಸರಿ ಅದಲ್ಲ, ಪಟ್ಟಾಳಾ?”

“ಸರಿ ಇದೆ ಕಣೋ,” ಎಂದೆ.

ಪುತ್ತರಿಗೆ ಇನ್ನೊಂದು ವಾರವಿತ್ತು. ಆ ವಾರದಲ್ಲಿ ಗುಂಡ ಮೂರು ಸಲ ನಮ್ಮ ಮನೆಗೆ ಬಂದ. ಚಹಾ ಕುಡಿದ, ಬೇಲಿ ಮುರಿದ ಒಂಟಿ ಆನೆಯ ಸುದ್ದಿ ಹೇಳಿದ, ಇನ್ನೊಂದು ಲೋಟ ಕೇಳಿ ಕುಡಿದ, ಹೋದ. ಮೂರು ಸಲವೂ ನಾನು ಆನೆಯ ಬಗ್ಗೆಯೇ ಮಾತಾಡಿದೆ.

ಪುತ್ತರಿಯ ಬೆಳಗ್ಗೆ ಹಾಡಿಯ ಜನವೆಲ್ಲ ಗದ್ದೆಯ ಬಳಿ ಸೇರಿದ್ದರು. ಗುಂಡನ ಅಕ್ಕ ನೀಲಿ, ಆ ಮನೆತನದಲ್ಲಿ ಕೊನೆಯ ಮಾತು ಆಡುವವಳು, ಬಾಣವನ್ನು ಅವನ ಕೈಗೆ ಕೊಟ್ಟಳು. ಅವನು ಹೆದೆಯನ್ನು ಕಿವಿಯವರೆಗೆ ಎಳೆದು ಬಿಟ್ಟ. ಬಾಣ ಸೊರಗಿದಂತೆ ಹೋಗಿ ಬದುವಿಗೆ ಹತ್ತು ಮಾರು ಈಚೆಗೆ, ಭತ್ತದ ನಡುವೆ ಬಿತ್ತು.

ಮುಂದಿನ ಸರದಿಯವನಾದ ಕುಳ್ಳನ್, ಗುಂಡನ ಚಿಕ್ಕಪ್ಪನ ಮಗ, ತಲೆ ತಗ್ಗಿಸಿದ. “ಪ್ರಾಯ ಆಯ್ತಲ್ಲ,” ಎಂದು ಹಿಂದಿನಿಂದ ಒಬ್ಬರು ಮೆಲ್ಲಗೆ ಹೇಳಿದ್ದು ನನ್ನ ಒಂದೇ ಕಿವಿಗೂ ಕೇಳಿಸಿತು. ಗುಂಡ ಹೆಗಲು ನೀವಿಕೊಂಡ.

“ಹೂಂ. ತೋಳು ಹೋಯ್ತು,” ಎಂದ. ನೀಲಿ ಬಿಲ್ಲಿಗಾಗಿ ಕೈ ಚಾಚಿದಳು.

ನಾನು ಚಪ್ಪಲಿ ಬಿಟ್ಟು ಗದ್ದೆಗೆ ಇಳಿದೆ.

“ನೀಲಕ್ಕಾ, ಅವನ ತೋಳಲ್ಲ. ಬಿಲ್ಲು ಸತ್ತಿದೆ. ಕೊಂದದ್ದು ನಾನು. ಎಂಟು ದಿನ ಹೆದೆ ಇಳಿಸ್ಲಿಲ್ಲ. ಇವನು ಕೇಳಿದ, ಎರಡು ಸಲ ಸುಳ್ಳು ಹೇಳಿದೆ.”

ನೀಲಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬಿಲ್ಲನ್ನು ಕುಳ್ಳನ್ ಕೈಗೆ ಕೊಟ್ಟು ಎಳೆದು ನೋಡಲು ಹೇಳಿದಳು. ಅವನು ಎಳೆದ, ಮತ್ತೊಮ್ಮೆ ಎಳೆದ.

“ಇದ್ರಲ್ಲಿ ಜೀವ ಇಲ್ಲ, ನೀಲಕ್ಕಾ,” ಎಂದ. ಹಕ್ಕು ತನ್ನ ಕೈಗೆ ಬರುತ್ತಿದ್ದ ಹೊತ್ತಿನಲ್ಲಿ ಹಾಗೆ ಹೇಳಿದವನಿಗೆ ನಾನು ಮನಸ್ಸಿನಲ್ಲೇ ಸಲ್ಯೂಟ್ ಹೊಡೆದೆ.

“ಹಂಗಾದ್ರೆ ಮುಂದಿನ ಪುತ್ತರಿಗೂ ಗುಂಡನೇ,” ಎಂದಳು ನೀಲಿ. “ಈ ಸಲ ಬಾಣ ಬಿದ್ದಲ್ಲಿಂದ ಕೊಯ್ಯಿರಿ.”

ಕುಡುಗೋಲುಗಳು ಗದ್ದೆಗೆ ಇಳಿದವು. ನಾವಿಬ್ಬರೂ ಬದುವಿನ ಮೇಲೆ ಕೂತೆವು.

“ನಿನಗೆ ಗೊತ್ತಿತ್ತಾ?” ಎಂದೆ.

“ನೀನು ಕೊಟ್ಟ ದಿನಾನೇ ಗೊತ್ತಾಯ್ತು.”

“ಮತ್ತೆ ಯಾಕೆ ಅದರಲ್ಲೇ ಬಿಟ್ಟೆ? ಕುಳ್ಳನ್ ಹತ್ರ ಅವನ ಬಿಲ್ಲು ಕೇಳ್ಬಹುದಿತ್ತಲ್ಲ?”

“ಕೇಳಿದ್ರೆ ಯಾಕೆ ಅಂತ ಕೇಳೋರು. ನಿನ್ನ ಹೆಸರು ಹೇಳ್ಬೇಕಿತ್ತು.” ಅವನು ಗದ್ದೆಯ ಕಡೆಗೇ ನೋಡುತ್ತಿದ್ದ. “ನೀನೇ ಹೇಳ್ತೀಯ ಅಂತ ಮೂರು ಸಲ ಬಂದು ಚಾಯ ಕುಡಿದೆ.”

ನನಗೆ ಅಳು ಬಂತು. ಅರುವತ್ತೊಂದು ವರ್ಷದ ಹವಾಲ್ದಾರ, ಎಲ್ಲರೆದುರು ಮೂಗು ಒರೆಸಿಕೊಂಡೆ. ಗುಂಡ ಬಿಲ್ಲನ್ನು ನನ್ನ ತೊಡೆಯ ಮೇಲಿಟ್ಟ.

“ತಗೊಂಡು ಹೋಗು. ನಿನ್ನ ಸಾಲಲ್ಲಿ ಮೊದಲು ಇಡು. ಅವತ್ತು ನೀನು ಅದನ್ನ ಹಳೇ ಕಾಲದ್ದು ಅಂತ ಹೇಳ್ದಾಗ ಅದು ಹಳೇದಾಗಿರ್ಲಿಲ್ಲ. ಈಗ ಆಯ್ತು.”

ಹೊಸ ಬಿಲ್ಲಿಗೆ ನಾವಿಬ್ಬರೂ ಬಿದಿರು ಆರಿಸಿ ತಂದಿದ್ದೇವೆ. ಅದು ಗುಂಡನ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗುತ್ತಿದೆ. ಹಳೆಯದು ವಾಚನಾಲಯದ ಗೋಡೆಯಲ್ಲಿದೆ. ಹೆದೆ ಕಟ್ಟಿದರೆ ಚೆಂದ ಎಂದು ಸಜೀವನ್ ಈಗಲೂ ಹೇಳುತ್ತಾನೆ, ನಾನು ಮುಟ್ಟಗೊಡುವುದಿಲ್ಲ. ಹೆದೆ ಯಾಕಿಲ್ಲ ಎಂದು ಕೇಳಿದವರನ್ನು ಕೂರಿಸಿ ಇಷ್ಟನ್ನೂ ಹೇಳುತ್ತೇನೆ, ಎರಡು ಸುಳ್ಳನ್ನೂ ಸೇರಿಸಿ. ಆ ಭಾಷಣಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.