ಪೈಲ್ವಾನರ ಬಾಯಿಗೆ ಬಂದ ಒಳಲೆ

ನಾನೊಂದು ಬೆಳ್ಳಿಯ ಒಳಲೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಬಟ್ಟಲು, ಅದರ ಒಂದು ತುದಿಗೆ ಹಕ್ಕಿಯ ಕೊಕ್ಕಿನಂಥ ಉದ್ದ ಮೂತಿ. ಇಷ್ಟೇ ನನ್ನ ಆಕಾರ. ಹಾಲುಗಲ್ಲದ ಕೂಸುಗಳಿಗೆ ಹಾಲು, ಔಷಧಿ ಕುಡಿಸುವುದಕ್ಕೆ ನನ್ನನ್ನು ಮಾಡುತ್ತಾರೆ. ಅಲ್ಲ, ಮಾಡುತ್ತಿದ್ದರು.

ಮೈಸೂರಿನ ಒಂದು ಇಕ್ಕಟ್ಟು ಓಣಿಯಲ್ಲಿ ಪುಟ್ಟಸ್ವಾಮಾಚಾರ್ ಎಂಬ ಅಕ್ಕಸಾಲಿ ನನ್ನನ್ನು ಬಡಿದು ರೂಪ ಕೊಟ್ಟರು. ಕೆಲಸ ಮುಗಿದ ಮೇಲೆ ನನ್ನೊಳಗೆ ನೀರು ತುಂಬಿ ಬಗ್ಗಿಸಿದರು. ನೀರು ದಪ್ಪವಾಗಿ ಬಿತ್ತು. ಮೂತಿಯನ್ನು ಕಾಯಿಸಿ ಮತ್ತೆ ಬಡಿದರು. ನಾಲ್ಕನೆಯ ಸಲ ನೀರು ದಾರದ ಎಳೆಯಂತೆ ಸಣ್ಣಗೆ ಇಳಿಯಿತು. “ಈಗ ಕೂಸಿಗೆ ನೆತ್ತಿಗೇರಲ್ಲ” ಎಂದು ನನ್ನನ್ನು ಕೆಳಗಿಟ್ಟರು.

ನನ್ನ ಮೊದಲ ಮನೆ ಸಂಸ್ಕೃತ ಪಾಠಶಾಲೆಯ ಮೇಷ್ಟರದು. ಅವರ ಹೆಂಡತಿ ಆರು ಮಕ್ಕಳನ್ನು ನನ್ನಿಂದಲೇ ಬೆಳೆಸಿದರು. ನಾನು ಉಣಿಸಿದ್ದೆಲ್ಲ ಸರಿಯಾದದ್ದೇ ಎಂದು ಹೇಳಲಾರೆ. ಅಂದಿನವರು ನನ್ನಲ್ಲಿ ಹರಳೆಣ್ಣೆ ಹಾಕಿದರು, ಜೇನು ಹಾಕಿದರು. ವರ್ಷ ತುಂಬದ ಕೂಸಿಗೆ ಜೇನು ಕೊಡಬಾರದೆಂದು ಈಗಿನ ಡಾಕ್ಟರುಗಳು ಹೇಳುವುದನ್ನು ಕೇಳಿದಾಗಲೆಲ್ಲ ನಾನು ಒಳಗೊಳಗೇ ನಾಚುತ್ತೇನೆ. ಹಾಕಿದ್ದನ್ನು ಹರಿಸುವುದಷ್ಟೇ ನನ್ನ ಕೈಯಲ್ಲಿತ್ತು.

ಕಡೆಯ ಮಗು ಶಾಲೆಗೆ ಹೋದ ವರ್ಷ ಆ ತಾಯಿ ನನ್ನನ್ನು ಮನೆಗೆ ದಿನಾ ಹೂವು ತರುತ್ತಿದ್ದ ನಂಜಮಣಿಯ ಮಡಿಲಿಗೆ ಹಾಕಿದರು. ನಂಜಮಣಿ ಆಗ ತುಂಬು ಬಸುರಿ. ಹುಟ್ಟಿದ ಮಗಳಿಗೆ ಚಂಪಕಾ ಎಂದು ಹೆಸರಿಟ್ಟಳು. ಆ ಚಂಪಕಾ ಬೆಳೆದು, ಮದುವೆಯಾಗಿ, ಮೊದಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಕೂಸಿನ ಬಟ್ಟೆಗಳ ಜೊತೆ ನಾನೂ ಹೋದೆ.

ಅದು ಪೈಲ್ವಾನ್ ಜವರಪ್ಪನವರ ಮನೆ. ಜವರಪ್ಪ ಚಂಪಕಾಳ ಮಾವ. ಮನೆಗೆ ಅಂಟಿಕೊಂಡಿದ್ದ ಮೊಹಲ್ಲಾದ ಗರಡಿಗೆ ಅವರೇ ಉಸ್ತಾದ್. ಅರವತ್ತೆಂಟು ದಾಟಿದರೂ ಬೆಳಗಿನ ಜಾವ ಗರಡಿಯ ಕೆಂಪು ಮಣ್ಣಿನ ಮಟ್ಟಿ ಅಗೆದು ಹದ ಮಾಡುವುದನ್ನು ಬಿಟ್ಟಿರಲಿಲ್ಲ. ಹೆಂಡತಿ ತೀರಿಕೊಂಡಿದ್ದರು. ಮಗ ನಿಂಗರಾಜು ದೂರದ ಊರುಗಳಿಗೆ ಬಸ್ಸು ಓಡಿಸುತ್ತಿದ್ದ. ಚಂಪಕಾ ಮಾವನ ಎದುರು ಕೂತು ಮಾತಾಡಿದವಳಲ್ಲ. ತಟ್ಟೆ ಇಟ್ಟು ಬಾಗಿಲ ಮರೆಗೆ ಸರಿಯುತ್ತಿದ್ದಳು. ಆಕೆಯ ಮಗು ದೊಡ್ಡದಾದ ಮೇಲೆ ನಾನು ಒಂದು ತಗಡಿನ ಡಬ್ಬ ಸೇರಿ ಏಳೆಂಟು ವರ್ಷ ಕಪ್ಪಗಾದೆ.

ಒಂದು ದಿನ ಬೆಳಿಗ್ಗೆ ಡಬ್ಬದ ಮುಚ್ಚಳ ತೆರೆಯಿತು. ಚಂಪಕಾ ನನ್ನನ್ನು ಎತ್ತಿಕೊಂಡಳು. ನನ್ನನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಕುದಿಯುವ ನೀರಿನಲ್ಲಿ ಅದ್ದಿ ಎತ್ತಿದಳು. ಮನೆಯಲ್ಲಿ ಕೂಸು ಇರಲಿಲ್ಲ. ಮಂಚದ ಮೇಲೆ ಪೈಲ್ವಾನರು ಗೋಡೆಗೆ ಒರಗಿ ಕೂತಿದ್ದರು. ಮಡಿಲಲ್ಲಿ ಒಂದು ಬೋಗುಣಿ. ಬಾಯಲ್ಲಿ ಊರಿದ ಎಂಜಲನ್ನು ನುಂಗಲಾರದೆ ಅದಕ್ಕೆ ಉಗುಳುತ್ತಿದ್ದರು.

ಮೂರು ದಿನದಿಂದ ಜ್ವರವಂತೆ. ಗಂಟಲು ನೋವು ಏರುತ್ತಾ ಏರುತ್ತಾ ಹಿಂದಿನ ಮಧ್ಯಾಹ್ನದಿಂದ ಒಂದು ಹನಿ ನೀರೂ ಇಳಿದಿರಲಿಲ್ಲ. ಪಕ್ಕದ ಮನೆಯ ಸಾಕಮ್ಮ ಮೆಣಸು ಶುಂಠಿ ಅರೆದು ಕಷಾಯ ತಂದುಕೊಟ್ಟಿದ್ದಳು. ಒಂದೇ ಗುಟುಕಿಗೆ ಪೈಲ್ವಾನರ ಕಣ್ಣಲ್ಲಿ ನೀರು ಬಂದು ಲೋಟ ಕೈಜಾರಿತ್ತು. ಆ ಹೊತ್ತಿನಿಂದ ಅವರು ಕುಡಿಯಲು ಬಾಯಿಯನ್ನೇ ತೆರೆದಿರಲಿಲ್ಲ.

ನನ್ನನ್ನು ಹೊರತೆಗೆಯುವ ಮುಂಚೆಯೇ, ಮೊಹಲ್ಲಾದ ಡಾಕ್ಟರ್ ಫರ್ಹಾನಾ ಆ ಬೆಳಿಗ್ಗೆ ಮನೆಗೇ ಬಂದು ಟಾರ್ಚ್ ಹಾಕಿ ಗಂಟಲು ನೋಡಿದ್ದರು.

“ಒಳಗೆಲ್ಲ ಕೆಂಪಗಾಗಿ ಹುಣ್ಣು ಎದ್ದಿದೆ. ಇದು ವೈರಸ್ಸಿನದು. ಆಂಟಿಬಯೋಟಿಕ್ ಕೊಟ್ಟು ಉಪಯೋಗ ಇಲ್ಲ. ಇನ್ನು ಮೂರು ನಾಲ್ಕು ದಿನಕ್ಕೆ ತಾನಾಗೇ ಇಳಿಯುತ್ತೆ. ಅಲ್ಲೀವರೆಗೂ ನೋವು ತಡೀಬೇಕು, ನೀರು ಒಳಗೆ ಹೋಗ್ತಾ ಇರಬೇಕು. ಇವರು ಒಂದಕ್ಕೆ ಹೋಗಿ ಎಷ್ಟೊತ್ತಾಯ್ತು?”

ಚಂಪಕಾ ತಲೆ ತಗ್ಗಿಸಿದಳು. ಮಾವನನ್ನು ಇಂಥದ್ದನ್ನು ಕೇಳುವುದು ಹೇಗೆ? ಆಮೇಲೆ ತಲೆ ಎತ್ತಿ ಕೇಳಿಯೇಬಿಟ್ಟಳು. “ಮಾವ, ಒಂದಕ್ಕೆ ಯಾವಾಗ ಹೋಗಿದ್ರಿ?”

ಪೈಲ್ವಾನರು ಗೋಡೆ ನೋಡುತ್ತಾ ಕೈಸನ್ನೆ ಮಾಡಿದರು. ನಿನ್ನೆ ಸಂಜೆ.

ಡಾಕ್ಟರ ಮುಖ ಬಿಗಿಯಿತು. “ಮಾತ್ರೆ ನುಂಗೋಕಾಗಲ್ಲ, ಸಿರಪ್ ಬರ್ದಿದೀನಿ, ಎಷ್ಟು ಅಂತ ಚೀಟೀಲಿದೆ, ಅದಕ್ಕಿಂತ ಜಾಸ್ತಿ ಬೇಡ. ಅದು ಹೋಗಿ ಅರ್ಧ ಗಂಟೆಗೆ ನೋವು ಸ್ವಲ್ಪ ತಗ್ಗುತ್ತೆ. ಆ ಹೊತ್ತನ್ನ ಬಿಡಬೇಡಿ, ಕುಡಿಸಿ. ತಣ್ಣಗಿದ್ರೂ ಪರವಾಗಿಲ್ಲ. ಖಾರ, ಹುಳಿ ಬೇಡ. ಮಧ್ಯಾಹ್ನ ನಾಲ್ಕರೊಳಗೆ ಒಂದಕ್ಕೆ ಹೋಗದಿದ್ರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕು. ಉಸಿರಾಡೋಕೆ ಕಷ್ಟ ಆದ್ರೆ ನಾಲ್ಕರವರೆಗೂ ಕಾಯಬೇಡಿ.”

ಆಸ್ಪತ್ರೆ ಎಂಬ ಮಾತಿಗೆ ಪೈಲ್ವಾನರು ಬೇಡವೆಂದು ಕೈ ಆಡಿಸಿದರು. ಲೋಟ ತಂದರೆ ಅದಕ್ಕೂ ಕೈ ಆಡಿಸಿದರು. ಲೋಟದಿಂದ ಬಾಯಿಗೆ ಬೀಳುವ ನೀರು ಅವರ ಅಂದಾಜಿಗೆ ಸಿಗುತ್ತಿರಲಿಲ್ಲ. ದೊಡ್ಡ ಚಮಚದಿಂದ ಕುಡಿಸಲು ಹೋದರೆ ಹಲ್ಲಿಗೆ ತಾಗಿ ಚೆಲ್ಲುತ್ತಿತ್ತು. ಆಗ ಚಂಪಕಾಳಿಗೆ ನನ್ನ ನೆನಪಾಗಿತ್ತು.

ನನ್ನನ್ನು ಕಂಡ ಪೈಲ್ವಾನರ ಹುಬ್ಬು ಗಂಟಿಕ್ಕಿತು. ಎದೆಯ ಮೇಲೆ ಮೂವರನ್ನು ನಿಲ್ಲಿಸಿಕೊಂಡಿದ್ದ ಮನುಷ್ಯ, ಕೂಸಿನ ಒಳಲೆಗೆ ಬಾಯಿ ಒಡ್ಡುವುದೇ? ಮುಖ ತಿರುಗಿಸಿದರು.

ಚಂಪಕಾ ಸ್ಟೂಲು ಎಳೆದುಕೊಂಡು ಮಾವನ ಎದುರೇ ಕೂತಳು.

“ಮಾವ, ಗರಡೀಲಿ ಯಾರಾದ್ರೂ ನಂಗಾಗಲ್ಲ ಅಂತ ಬಸ್ಕಿ ನಿಲ್ಲಿಸಿದ್ರೆ ನೀವು ಏನಂತೀರ?”

ಅವಳೇ ಹೇಳಿದಳು. “ಇನ್ನೊಂದು ಹೊಡಿ ಅಂತೀರ. ಒಳಗೆ ಅಡುಗೆ ಮನೇಗೆ ಕೇಳ್ಸುತ್ತೆ. ಈಗ ನಾನು ಹೇಳ್ತೀನಿ. ಒಂದು. ಬರೀ ಒಂದು.”

ಪೈಲ್ವಾನರು ಅವಳತ್ತ ತಿರುಗಿದರು. ಆಮೇಲೆ ಬಾಯಿ ತೆರೆದರು.

ಮೊದಲು ಸಿರಪ್ಪು. ಚೀಟಿಯಲ್ಲಿದ್ದ ಅಳತೆಯನ್ನು ಮುಚ್ಚಳದಲ್ಲಿ ಅಳೆದು ನನ್ನೊಳಗೆ ಹಾಕಿದಳು. ನನ್ನ ಮೂತಿ ಅವರ ಕೆನ್ನೆಯ ಒಳಬದಿಗೆ ತಾಗಿತು. ಆ ಬಾಯಿ ಕಾದ ಬಾಣಲೆಯಂತಿತ್ತು. ನಾನು ಸಿರಪ್ಪನ್ನು ಎಳೆ ಎಳೆಯಾಗಿ ಇಳಿಸಿದೆ. ಅವರು ನುಂಗಿದ ಕ್ಷಣ ಮಂಚದ ಚೌಕಟ್ಟು ಕಿರ್ರೆಂದಿತು. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಿದ್ದರು. ಅರ್ಧ ಗಂಟೆ ಬಿಟ್ಟು ಉಪ್ಪು ಹಾಕಿದ ಉಗುರುಬೆಚ್ಚನೆ ನೀರಿನಲ್ಲಿ ಬಾಯಿ ಮುಕ್ಕಳಿಸಿದರು. ಆಮೇಲೆ ಶುರುವಾಯಿತು ನಮ್ಮ ಸಾಮು. ಹತ್ತು ಗುಟುಕು, ಐದು ನಿಮಿಷ ವಿಶ್ರಾಂತಿ. ಮತ್ತೆ ಹತ್ತು. ಡಾಕ್ಟರು ಕೊಟ್ಟ ಓಆರ್‌ಎಸ್ ನೀರು, ತಣಿಸಿ ಸೋಸಿದ ಗಂಜಿ ತಿಳಿ, ಮತ್ತೆ ನೀರು. ಒಮ್ಮೆ ಮಜ್ಜಿಗೆ ಹಾಕಿದಳು. ಹುಳಿ ತಾಗಿ ಪೈಲ್ವಾನರು ನರಳಿದರು. “ತಪ್ಪಾಯ್ತು ಮಾವ” ಎಂದು ಅದನ್ನು ಚೆಲ್ಲಿ ನನ್ನನ್ನು ತೊಳೆದು ತಂದಳು. ನಿಲ್ಲಿಸಲಿಲ್ಲ.

ಹನ್ನೊಂದು ಗಂಟೆಗೆ ಸಾಕಮ್ಮ ಬಾಗಿಲಿಗೆ ಬಂದು ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ ಶಿವನೇ, ಪೈಲ್ವಾನ್ರ ಬಾಯಿಗೆ ನೀರು ಬುಡೋ ಹಂಗಾಗೋಯ್ತಾ?”

“ಬದುಕಲಿ ಅಂತ ಬಿಡ್ತಿದೀನಿ ಸಾಕಮ್ಮಕ್ಕ. ಆ ಬಾಗಿಲು ಸ್ವಲ್ಪ ಮುಂದಕ್ಕೆ ಹಾಕಿ, ಬಿಸಿಲು ಕಣ್ಣಿಗೆ ಹೊಡೀತಿದೆ” ಎಂದಳು ಚಂಪಕಾ, ತಿರುಗಿಯೂ ನೋಡದೆ.

ಪೈಲ್ವಾನರ ಹೆಗಲು ಅಲುಗಿತು. ನಗುವೋ ನೋವೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ಒಂದಕ್ಕೆಲ್ಲ ಅವರು ಸೋತರು. ಕಣ್ಣು ಮುಚ್ಚಿ ಬಾಯಿ ಬಿಗಿದರು. ಚಂಪಕಾಳ ತೋಳೂ ಸೋತಿತ್ತು. ಅವಳು ಮೇಲೇಳಲಿಲ್ಲ, ಗದರಲಿಲ್ಲ. ನನ್ನನ್ನು ಎಡಗೈಗೆ ಬದಲಾಯಿಸಿಕೊಂಡು ತಣ್ಣಗೆ ಕಾದಳು. ಐದು ನಿಮಿಷ, ಹತ್ತು ನಿಮಿಷ. ಕೊನೆಗೆ ಪೈಲ್ವಾನರೇ ಕಣ್ಣು ಬಿಟ್ಟು ಒಂದು ಬೆರಳು ಎತ್ತಿದರು. ಇನ್ನೊಂದು.

ಅಲ್ಲಿಂದ ಬೆರಳೆತ್ತಿ ಎಣಿಸುವವರು ಅವರೇ ಆದರು. ಎರಡನೆಯ ಸಲ ಸಿರಪ್ಪು ಕೊಡುವ ಹೊತ್ತಿಗೆ ಮಂಚದ ಚೌಕಟ್ಟು ಕಿರುಗುಟ್ಟುವುದು ಕಡಿಮೆಯಾಗಿತ್ತು. ಮೂರೂವರೆಗೆ ಅವರು ಗೋಡೆ ಹಿಡಿದು ಎದ್ದರು. ಹಿತ್ತಲ ಕಡೆ ನಡೆದರು. ಚಂಪಕಾ ನನ್ನನ್ನು ಹಿಡಿದೇ ಅಡುಗೆ ಮನೆಯ ಕಿಟಕಿಯ ಬಳಿ ನಿಂತಳು. ಬಚ್ಚಲಲ್ಲಿ ತಂಬಿಗೆಯ ನೀರು ಸುರಿದ ಸದ್ದಾಯಿತು. ಅವಳು ನೆಲಕ್ಕೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ ಡಾಕ್ಟರಿಗೆ ಫೋನು ಮಾಡಿದಳು.

ಮುಂದಿನ ಎರಡು ದಿನವೂ ನಮ್ಮ ಸಾಮು ನಡೆಯಿತು. ನಾಲ್ಕನೆಯ ದಿನ ಪೈಲ್ವಾನರು ಮೆತ್ತಗೆ ಹಿಸುಕಿದ ಅನ್ನ ಉಣ್ಣಲು ಕೂತರು. ಮೊದಲ ತುತ್ತು ನುಂಗಿ ಒಡೆದ ದನಿಯಲ್ಲಿ ಹೇಳಿದರು.

“ಇಷ್ಟು ವರ್ಷದ ಕುಸ್ತೀಲಿ ಯಾವನೂ ನನ್ನ ಇಷ್ಟು ಹೊತ್ತು ಹಿಡ್ದು ಕೂರಿಸಿರಲಿಲ್ಲ ಕಣವ್ವ. ನೀನೂ ತಟ್ಟೆ ಹಾಕ್ಕೊ. ಒಟ್ಟಿಗೆ ಕೂತ್ಕೊಳಾನ.”

ಚಂಪಕಾ ತಟ್ಟೆ ಹಾಕಿಕೊಂಡಳು.

ಈಗ ನನಗೆ ವಯಸ್ಸಾಗಿದೆ. ಮೂತಿಯ ಬುಡದಲ್ಲಿ ಬಿರುಕು ಬಿಟ್ಟು ಹಾಕಿದ್ದೆಲ್ಲ ಸೋರುತ್ತದೆ. ಅಕ್ಕಸಾಲಿಗಳಿಗೆ ತೋರಿಸಿದಾಗ, “ಬೆಸುಗೆ ನಿಲ್ಲಲ್ಲ ತಾಯಿ, ಕರಗಿಸಿ ಕಾಲುಂಗುರ ಮಾಡ್ಸಿ” ಎಂದರು. ಚಂಪಕಾ ನನ್ನನ್ನು ವಾಪಸು ತಂದು, ಔಷಧಿಯ ಡಬ್ಬದಲ್ಲಿ ಜ್ವರ ನೋಡುವ ಥರ್ಮಾಮೀಟರಿನ ಪಕ್ಕ ಮಲಗಿಸಿದ್ದಾಳೆ.

ಹೋದ ತಿಂಗಳು ಸಾಕಮ್ಮ ಬಂದಿದ್ದಳು. ಅವಳ ತಂಗಿಗೂ ಅಂಥದ್ದೇ ಗಂಟಲು ನೋವು. ಡಾಕ್ಟರು ನೋಡಿ ವೈರಸ್ಸೇ ಎಂದಿದ್ದಾರೆ, ಅವಳು ನೀರೂ ಮುಟ್ಟುತ್ತಿಲ್ಲ. “ಆ ನಿನ್ನ ಒಳಲೆ ಕೊಡವ್ವ, ಅದರಿಂದ್ಲೇ ಅಲ್ವಾ ಪೈಲ್ವಾನ್ರು ಗೆದ್ದಿದ್ದು” ಎಂದು ಕೈ ಚಾಚಿದಳು.

ನಾನು ಡಬ್ಬದೊಳಗೆ ಸ್ವಲ್ಪ ಬೀಗಿದೆನೆಂದು ಒಪ್ಪಿಕೊಳ್ಳುತ್ತೇನೆ.

“ಅದು ಸೋರುತ್ತೆ ಸಾಕಮ್ಮಕ್ಕ” ಎಂದಳು ಚಂಪಕಾ. “ಒಳಲೇನೇ ಆಗ್ಬೇಕು ಅಂತೇನಿಲ್ಲ. ಸಣ್ಣ ಚಮಚ ಆದ್ರೂ ಆಗುತ್ತೆ. ಎದ್ದು ಹೋಗದೆ ಎದುರಿಗೆ ಕೂರೋರು ಒಬ್ರು ಬೇಕು. ನಡೀರಿ, ನಾನೂ ಬರ್ತೀನಿ.”

ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು. ಬಾಗಿಲು ಮುಚ್ಚಿತು. ಅವಳು ಹೇಳಿದ್ದು ನಿಜ. ನಾನು ಬೆಳ್ಳಿಯಷ್ಟೆ.